ಜಮಖಾನ ಸುತ್ತಿಟ್ಟ ಮೇಲೆ

2020ರ ಮೇ 4, ಸೋಮವಾರ. ಕೊರೊನಾ ಲಾಕ್‌ಡೌನಿನಲ್ಲಿ ಮುಚ್ಚಿದ್ದ ರಾಜ್ಯದ ಮದ್ಯದಂಗಡಿಗಳ ಶಟರುಗಳು ಮೇಲೆದ್ದವು, ಮುಂದೆ ಹನುಮಂತನ ಬಾಲದಂಥ ಸಾಲು. ಮೇ 19ರಿಂದ ಪಾರ್ಕುಗಳು ತೆರೆದವು, ಜೂನ್ 8ರಿಂದ ದೇವಸ್ಥಾನಗಳು. ಜುಲೈ 6ರಿಂದ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸ್ಮಾರಕಗಳಿಗೂ ಅನುಮತಿ ಸಿಕ್ಕಿತು. ಚಿತ್ರದುರ್ಗದ ಏಳುಸುತ್ತಿನ ಕೋಟೆ ಆ ಇಲಾಖೆಯದೇ. ಯೋಗದ ಕ್ಲಾಸುಗಳ ಸರದಿ ಬಂದದ್ದು ಇಷ್ಟೆಲ್ಲ ಆದಮೇಲೆ, ಆಗಸ್ಟ್ 5ಕ್ಕೆ.

ಏಪ್ರಿಲ್ ಕೊನೆಯಲ್ಲಿ ಕೇಂದ್ರ ಸರ್ಕಾರ ಬಿಡುಗಡೆ ಮಾಡಿದ ಸೋಂಕಿನ ವಲಯಗಳ ಪಟ್ಟಿಯಲ್ಲಿ ಚಿತ್ರದುರ್ಗ ಜಿಲ್ಲೆ ಹಸಿರು ವಲಯದಲ್ಲಿತ್ತು. ಆದರೆ ಜಿಮ್ಮು, ಯೋಗದಂಥ ಜಾಗಗಳ ಮಟ್ಟಿಗೆ ಹಸಿರು, ಕಿತ್ತಳೆ, ಕೆಂಪು ಎಲ್ಲವೂ ಒಂದೇ. ಯೋಗ ಮಾಡಿ, ರೋಗನಿರೋಧಕ ಶಕ್ತಿ ಬೆಳೆಸಿಕೊಳ್ಳಿ ಎಂದು ಟಿ.ವಿ.ಯಲ್ಲಿ ದಿನಕ್ಕೆ ಹತ್ತು ಸಲ ಕೇಳಿಬರುತ್ತಿದ್ದ ತಿಂಗಳುಗಳಲ್ಲೇ ಯೋಗ ಹೇಳಿಕೊಡುವವರ ಬಾಗಿಲಿಗೆ ಬೀಗ ಬಿದ್ದಿತ್ತು. ಇದನ್ನು ನೆನೆದು ಇವತ್ತಿಗೂ ಸಿಟ್ಟಾಗುವ ಮೇಷ್ಟ್ರುಗಳಿದ್ದಾರೆ. ಸಿಟ್ಟು ಸಹಜ, ಆದರೂ ಬೀಗ ಹಾಕಿದ್ದು ತಪ್ಪಾಗಿರಲಿಲ್ಲ. ಕಿಟಕಿ ಮುಚ್ಚಿದ ಹಾಲಿನಲ್ಲಿ ಮೂವತ್ತು ಜನ ಒತ್ತಾಗಿ ಕೂತು ಒಂದು ಗಂಟೆ ಜೋರಾಗಿ ಉಸಿರಾಡುವ ಜಾಗ, ಉಸಿರಿನಿಂದ ಹರಡುವ ರೋಗಕ್ಕೆ ಮದುವೆ ಮನೆಯಿದ್ದಂತೆ. ಬೀಗ ಬಿದ್ದಮೇಲೆ ಈ ಕ್ಲಾಸುಗಳು ತಮ್ಮನ್ನು ಹೇಗೆ ಉಳಿಸಿಕೊಂಡವು, ಹಾಗೆ ಉಳಿಸಿಕೊಂಡದ್ದರಲ್ಲಿ ಗಟ್ಟಿ ಯಾವುದು, ಜೊಳ್ಳು ಯಾವುದು ಎಂದು ಈಗಲಾದರೂ ತೂಗಿ ನೋಡಬೇಕು.

ಮಹಾನಗರಗಳಲ್ಲಿ ಇಂಥ ಜಾಗಕ್ಕೆ ‘ಯೋಗ ಸ್ಟುಡಿಯೋ’ ಎನ್ನುತ್ತಾರೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಕಡೆ ಸ್ಟುಡಿಯೋ ಅಂದರೆ ಫೋಟೊ ತೆಗೆಸುವ ಜಾಗ. ಇಲ್ಲಿರುವುದು ‘ಯೋಗ ಕ್ಲಾಸು’. ಕಲ್ಯಾಣ ಮಂಟಪದ ಮಹಡಿ, ಸಮುದಾಯ ಭವನ, ಶಾಲೆಯ ಹಾಲು, ದೇವಸ್ಥಾನದ ಪ್ರಾಂಗಣ, ಎಲ್ಲಿ ಬೆಳಗಿನ ಐದೂವರೆಗೆ ಬೀಗದ ಕೈ ಸಿಗುತ್ತದೋ ಅಲ್ಲಿ. ನೆಲಕ್ಕೆ ಉದ್ದನೆಯ ಜಮಖಾನ. ಕೆಲವರ ಬಗಲಲ್ಲಿ ಬಣ್ಣದ ರಬ್ಬರ್ ಮ್ಯಾಟು, ವಯಸ್ಸಾದವರದ್ದು ಮನೆಯ ಕರಿ ಕಂಬಳಿ. ಫೀಸು ತಿಂಗಳಿಗೆ ಕೆಲವು ನೂರು, ಇಲ್ಲವೇ ಗುರುಪೂರ್ಣಿಮೆಯ ದಿನ ತಟ್ಟೆಯಲ್ಲಿಟ್ಟ ದಕ್ಷಿಣೆ, ಎಷ್ಟೋ ಕಡೆ ಪೂರ್ತಿ ಉಚಿತ. ಬರುವವರು ನಿವೃತ್ತ ಮೇಷ್ಟ್ರು, ಬ್ಯಾಂಕಿನ ಗುಮಾಸ್ತರು, ಅಡಿಕೆ ಮಂಡಿಯವರು, ಸಕ್ಕರೆ ಕಾಯಿಲೆಗೆ ಡಾಕ್ಟರಿಂದ ಬೈಸಿಕೊಂಡು ಬಂದವರು, ಮನೆಗೆಲಸ ಶುರುವಾಗುವ ಮುನ್ನ ಒಂದು ಗಂಟೆ ಕದ್ದುಕೊಂಡು ಬಂದ ಹೆಂಗಸರು. ಹಾಜರಿ ಬರೆಯಲು ನೂರು ಪುಟದ ನೋಟ್‌ಬುಕ್ಕು.

ಇಷ್ಟು ಸಾದಾ ಏರ್ಪಾಟಿಗೆ ಈ ಜಿಲ್ಲೆಯಲ್ಲಿ ದೊಡ್ಡ ವಂಶಾವಳಿಯೇ ಇದೆ. ಆಧುನಿಕ ಯೋಗದ ಪಿತಾಮಹ ಎಂದು ಜಗತ್ತೇ ಕರೆಯುವ ತಿರುಮಲೈ ಕೃಷ್ಣಮಾಚಾರ್ಯರು 1888ರಲ್ಲಿ ಹುಟ್ಟಿದ್ದು ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ. ಅವರ ‘ಯೋಗ ಮಕರಂದ’ 1934ರಲ್ಲಿ ಮೊದಲು ಬಂದದ್ದು ಕನ್ನಡದಲ್ಲಿ. ಬಿ.ಕೆ.ಎಸ್. ಅಯ್ಯಂಗಾರ್, ಪಟ್ಟಾಭಿ ಜೋಯಿಸ್ ಇಬ್ಬರೂ ಅವರ ಗರಡಿಯಲ್ಲಿ ಪಳಗಿದವರು. ಆದರೆ ಕೃಷ್ಣಮಾಚಾರ್ಯರು ನಡೆಸುತ್ತಿದ್ದ ಯೋಗಶಾಲೆಯ ಗತಿ ಏನಾಯಿತು? ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಶುರುವಾದ ಆ ಶಾಲೆ, ರಾಜಾಶ್ರಯ ಹೋದಮೇಲೆ 1950ರಲ್ಲಿ ಮುಚ್ಚಿಹೋಯಿತು. ಅಂಥ ಗುರು, ಅಂಥ ಶಿಷ್ಯರು. ಶಾಲೆಗೆ ಮಾತ್ರ ಹದಿನೇಳು ವರ್ಷದ ಆಯಸ್ಸು.

ಇದರ ಪಕ್ಕದಲ್ಲಿ ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯನ್ನು ಇಟ್ಟು ನೋಡಬೇಕು. ಊರೂರಿಗೆ ಹೋಗಿ ವ್ಯಾಯಾಮ, ಯೋಗದ ಶಿಬಿರ ನಡೆಸುತ್ತಿದ್ದ ರಾಘವೇಂದ್ರರಾಯರು 1943ರಲ್ಲಿ ಆ ಹಳ್ಳಿಗೆ ಬಂದು ನೆಲೆ ನಿಂತು, ರಾಘವೇಂದ್ರ ಸ್ವಾಮೀಜಿ ಆದರು. ಬರೆಯುವಾಗ ಇಟ್ಟುಕೊಂಡ ಹೆಸರು ‘ತಿರುಕ’. ಹೆಸರಿಗೆ ತಕ್ಕಂತೆ ಜೋಳಿಗೆ ಹಿಡಿದು ಬೇಡಿದರು. ಬೇಡಿ ತಂದದ್ದರಲ್ಲಿ ಅನಾಥಸೇವಾಶ್ರಮ, ಶಾಲೆಗಳು, ಆಯುರ್ವೇದ ಚಿಕಿತ್ಸೆ ಎಲ್ಲ ಬೆಳೆದವು. 1996ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಅವರಿಂದ ಯೋಗ ಕಲಿತವರ ಲೆಕ್ಕವನ್ನು ಲಕ್ಷಗಳಲ್ಲಿ ಹೇಳುವ ವಾಡಿಕೆಯಿತ್ತು. ಲೆಕ್ಕ ಏನೇ ಇರಲಿ, ಚಿತ್ರದುರ್ಗ ಸೀಮೆಯ ಹಳೆಯ ತಲೆಗಳಲ್ಲಿ ಮಲ್ಲಾಡಿಹಳ್ಳಿಯ ಶಿಬಿರದಲ್ಲಿ ಸೂರ್ಯನಮಸ್ಕಾರ ಹಾಕಿದೆ ಎನ್ನುವವರು ಇನ್ನೂ ಸಿಗುತ್ತಾರೆ.

ಮೈಸೂರಿನ ಶಾಲೆಗೆ ಇದ್ದದ್ದು ಒಂದೇ ದೊಡ್ಡ ಕೈ. ಮಲ್ಲಾಡಿಹಳ್ಳಿಯ ಜೋಳಿಗೆಗೆ ಬಿದ್ದದ್ದು ಸಾವಿರ ಸಣ್ಣ ಕೈಗಳಿಂದ. ಸಣ್ಣ ಕೈಗಳು ಒಟ್ಟಿಗೆ ಸೋಲುವುದು ಅಪರೂಪ. ಸಾಂಕ್ರಾಮಿಕದ ಕಾಲಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿರಲಿಲ್ಲ. ಆದರೆ ಅದೇ ಜೋಳಿಗೆ ಈ ಸೀಮೆಗೆ ಇನ್ನೊಂದು ರೂಢಿಯನ್ನೂ ಬಿಟ್ಟುಹೋಯಿತು. ಯೋಗ ಹೇಳಿಕೊಡುವವರು ಕಾಸು ಕೇಳಬಾರದು ಎಂಬ ಭಾವನೆ ಇಲ್ಲಿ ಆಳವಾಗಿ ಬೇರು ಬಿಟ್ಟಿದೆ. ಸ್ವಾಮೀಜಿಗೆ ಅದು ಒಪ್ಪುತ್ತಿತ್ತು. ಅವರ ಹಿಂದೆ ಆಶ್ರಮವಿತ್ತು, ಮುಂದೆ ಮನೆ ಬಾಡಿಗೆ ಇರಲಿಲ್ಲ. ಹೆಂಡತಿ ಮಕ್ಕಳಿರುವ, ಸಂಜೆ ಇನ್ನೊಂದು ಕೆಲಸ ಮಾಡುವ ಇವತ್ತಿನ ಯೋಗ ಮೇಷ್ಟ್ರಿಗೆ, ಅದೂ ಕ್ಲಾಸೇ ನಿಂತುಹೋದ ಐದು ತಿಂಗಳಲ್ಲಿ, ಅದು ಹೇಗೆ ಒಪ್ಪೀತು?

ಕ್ಲಾಸು ನಿಂತ ಮೇಲೆ ಎಲ್ಲರೂ ಮೊರೆಹೋದದ್ದು ಮೊಬೈಲಿಗೆ.

ಆ ದೃಶ್ಯ ನೆನಪಿರದವರಿಲ್ಲ. ಹಿಟ್ಟಿನ ಡಬ್ಬಕ್ಕೋ ತುಂಬಿದ ಚೊಂಬಿಗೋ ಒರಗಿಸಿ ನಿಲ್ಲಿಸಿದ ಫೋನು. ಅದರ ಮುಂದೆ ನಡುಮನೆಯಲ್ಲಿ ಹಾಸಿದ ಕಂಬಳಿ. ತ್ರಿಕೋನಾಸನಕ್ಕೆ ಕೈ ಎತ್ತಿದರೆ ಕೈ ಪರದೆಯಿಂದ ಮಾಯ, ಪಾದ ಕಾಣಲೆಂದು ಹಿಂದೆ ಸರಿದರೆ ಬೆನ್ನಿಗೆ ಫ್ರಿಜ್ಜು. ಅತ್ತ ಕಡೆ ಮೇಷ್ಟ್ರ ಫೋನಿನಲ್ಲಿ ಒಂದು ಸಲಕ್ಕೆ ಕಾಣುವುದು ನಾಲ್ಕೇ ಚೌಕ. ಉಳಿದ ಹದಿನೆಂಟು ಜನ ಬೆನ್ನು ಬಾಗಿಸಿದ್ದಾರೋ ಮೊಣಕಾಲು ಬಾಗಿಸಿದ್ದಾರೋ ತಿಳಿಯಲು ಬೆರಳಿನಲ್ಲಿ ಪರದೆ ಸರಿಸುತ್ತಲೇ ಇರಬೇಕು. ಸರಿಸುತ್ತಾ ತಾನೂ ಆಸನ ಮಾಡಿ ತೋರಿಸಬೇಕು. ‘ಕ್ಯಾಮೆರಾ ಸ್ವಲ್ಪ ಕೆಳಗೆ ಮಾಡ್ರಿ ಅಮ್ಮಾ’, ‘ಯಜಮಾನ್ರೇ, ನಿಮ್ದು ಮ್ಯೂಟ್ ಆಗಿಲ್ಲ, ಕುಕ್ಕರ್ ಕೂಗೋದು ಕೇಳ್ತಿದೆ’ ಎಂಬ ಮಾತುಗಳೇ ಕ್ಲಾಸಿನ ಕಾಲು ಭಾಗ.

ಓಂಕಾರದ ಕತೆಯಂತೂ ಬೇರೆಯೇ. ಹಾಲಿನಲ್ಲಿ ಇಪ್ಪತ್ತು ಗಂಟಲು ಒಟ್ಟಿಗೆ ಓಂ ಎಂದಾಗ ಎದೆಯಲ್ಲಿ ಒಂದು ಗುಂಯ್ ಎನ್ನುವ ಕಂಪನ ಏಳುತ್ತದೆ. ಎಷ್ಟೋ ಜನ ಬೆಳಿಗ್ಗೆ ಎದ್ದು ಬರುವುದು ಅದೊಂದಕ್ಕೇ. ಇಂಟರ್‌ನೆಟ್ಟಿನಲ್ಲಿ ಒಬ್ಬೊಬ್ಬರ ದನಿಯೂ ಅರೆಕ್ಷಣ ಹಿಂದುಮುಂದಾಗಿ ತಲುಪುವುದರಿಂದ ಇಪ್ಪತ್ತು ಓಂಕಾರ ಸೇರಿ ಸಂತೆಯಾಗುತ್ತದೆ. ಹಾಗಾಗಿ ಎಲ್ಲರನ್ನೂ ಮ್ಯೂಟ್ ಮಾಡಿ ಮೇಷ್ಟ್ರು ಒಬ್ಬರೇ ಓಂ ಎನ್ನಬೇಕು, ಉಳಿದವರು ತಮ್ಮ ತಮ್ಮ ಮನೆಯ ಗೋಡೆಗೆ ಓಂ ಎನ್ನಬೇಕು.

ಇನ್ನು ಗಡಿಯಾರದ ಲೆಕ್ಕ. ಜೂಮ್‌ನ ಉಚಿತ ಖಾತೆಯಲ್ಲಿ ಗುಂಪು ಕರೆಗೆ ನಲವತ್ತು ನಿಮಿಷ. ಆಯುಷ್ ಸಚಿವಾಲಯ ಯೋಗ ದಿನಕ್ಕೆಂದು ರೂಪಿಸಿದ ಸಾಮಾನ್ಯ ಯೋಗ ಕ್ರಮಕ್ಕೆ ನಲವತ್ತೈದು ನಿಮಿಷ. ಪ್ರಾರ್ಥನೆ, ಸಡಿಲಗೊಳಿಸುವ ಚಲನೆ, ಆಸನ, ಕಪಾಲಭಾತಿ, ಪ್ರಾಣಾಯಾಮ, ಧ್ಯಾನ, ಸಂಕಲ್ಪ, ಶಾಂತಿಪಾಠ ಎಂಬ ಅನುಕ್ರಮದಲ್ಲಿ ನಲವತ್ತನೆಯ ನಿಮಿಷಕ್ಕೆ ಕತ್ತರಿ ಬಿದ್ದರೆ ಹೋಗುವುದು ಯಾವುದು? ಯಾವುದಕ್ಕಾಗಿ ಉಳಿದದ್ದೆಲ್ಲ ಮಾಡಿದೆವೋ ಅದು. ಕಣ್ಣು ಮುಚ್ಚಿ ಕೂತವರ ಮುಂದೆ ಪರದೆ ತಾನೇ ಆರಿಹೋಗುತ್ತಿತ್ತು. ಮತ್ತೆ ಲಿಂಕ್ ಒತ್ತಿ ಒಳಗೆ ಬರುವ ಹೊತ್ತಿಗೆ ಅರ್ಧ ಜನ ಕಾಫಿಗೆ ಎದ್ದಿರುತ್ತಿದ್ದರು.

ತಂತ್ರಜ್ಞಾನವನ್ನು ಬೈದು ಪ್ರಯೋಜನವಿಲ್ಲ. ಹಾಲಿನಲ್ಲಿ ಮಾಡುತ್ತಿದ್ದುದನ್ನು ಹಾಗೇ ಎತ್ತಿ ಪರದೆಗೆ ಅಂಟಿಸಹೊರಟದ್ದೇ ತಪ್ಪು. ಹನ್ನೆರಡು ಸುತ್ತು ಸೂರ್ಯನಮಸ್ಕಾರವನ್ನು ಎಣಿಸಿ ಮಾಡಿಸುವುದು, ಸರ್ವಾಂಗಾಸನ ಹೇಳಿಕೊಡುವುದು, ತಿದ್ದುವ ಕೈ ಹತ್ತಿರವಿಲ್ಲದಾಗ ಬರೀ ಸಾಹಸವಲ್ಲ, ಅಪಾಯ. ಅರವತ್ತೈದರ ಹಿರಿಯರು ಕತ್ತಿನ ಮೇಲೆ ಭಾರ ಹಾಕಿ ಕಾಲು ಮೇಲೆತ್ತುವಾಗ ಮೇಷ್ಟ್ರು ಮೂರನೆಯ ಚೌಕದ ಕಡೆ ನೋಡುತ್ತಿದ್ದರೆ? ಪರದೆಗೆ ಒಗ್ಗುವುದು ಬೇರೆಯೇ ಸಾಮಗ್ರಿ: ಸೂಕ್ಷ್ಮ ವ್ಯಾಯಾಮ, ನಿಧಾನದ ಪ್ರಾಣಾಯಾಮ, ಯೋಗನಿದ್ರೆ. ಯೋಗನಿದ್ರೆಗಂತೂ ಚಿತ್ರವೇ ಬೇಡ, ದನಿ ಸಾಕು. ವಾಟ್ಸಾಪಿನಲ್ಲಿ ಕಳಿಸಿದ ಇಪ್ಪತ್ತು ನಿಮಿಷದ ಆಡಿಯೋ, ನೆಟ್‌ವರ್ಕ್ ಒಂದು ಕಡ್ಡಿಗೆ ಇಳಿಯುವ ಹೊಸದುರ್ಗದ ತೆಂಗಿನ ತೋಟದ ಮನೆಗೂ ತಲುಪುತ್ತದೆ, ರಾತ್ರಿ ನಿದ್ದೆ ಬಾರದಾಗಲೂ ಕೇಳಬಹುದು. ವಿಡಿಯೋದ ಹೊಳಪಿಗೆ ಮರುಳಾಗಿ ಈ ಸಾದಾ ದಾರಿಯನ್ನು ಕಡೆಗಣಿಸಿದ್ದು ಆ ಕಾಲದ ದೊಡ್ಡ ನಷ್ಟ.

ಮನೆಯಲ್ಲಿ ಒಬ್ಬರೇ ಮಾಡುವವರಿಗೆ ಬೇಕಾದ ಬುದ್ಧಿವಂತಿಕೆ ಕನ್ನಡ ನೆಲದಲ್ಲೇ ಹುಟ್ಟಿತ್ತು ಎಂಬುದನ್ನೂ ಇಲ್ಲಿ ಹೇಳಬೇಕು. ಅಯ್ಯಂಗಾರ್ ಹುಟ್ಟಿದ್ದು 1918ರ ಡಿಸೆಂಬರ್‌ನಲ್ಲಿ, ಕೋಲಾರ ಸೀಮೆಯ ಬೆಳ್ಳೂರಿನಲ್ಲಿ. ಜಗತ್ತಿನ ಇನ್ನೊಂದು ಮಹಾಮಾರಿ, ಇನ್‌ಫ್ಲುಯೆಂಜಾ, ಹಳ್ಳಿ ಹಳ್ಳಿ ನುಗ್ಗಿದ್ದ ಕಾಲ. ಅವರ ತಾಯಿಗೂ ಆ ಜ್ವರ ತಗುಲಿತ್ತು. ಬಾಲ್ಯದಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯಗಳಿಂದ ನರಳಿದ ಆ ಬಡಕಲು ಹುಡುಗ ಮುಂದೆ ಕುರ್ಚಿ, ಬೆಲ್ಟು, ದಿಂಬು, ಗೋಡೆಗಳನ್ನೇ ಗುರುವಿನ ಕೈಯಂತೆ ಬಳಸುವ ಕ್ರಮ ಕಟ್ಟಿದರು. ಗೋಡೆ ಎಲ್ಲರ ಮನೆಯಲ್ಲೂ ಇದೆ. ಲಾಕ್‌ಡೌನಿನಲ್ಲಿ ‘ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ, ಹಿಮ್ಮಡಿ ಗೋಡೆಗೆ ತಾಗಲಿ’ ಎಂದು ಶುರುಮಾಡಿದ ಮೇಷ್ಟ್ರು, ಮಯೂರಾಸನ ಮಾಡಿ ತೋರಿಸಿ ಚಪ್ಪಾಳೆ ಗಿಟ್ಟಿಸಿದ ಮೇಷ್ಟ್ರಿಗಿಂತ ಒಳ್ಳೆಯ ಗುರು.

ಹಾಗಾದರೆ ಆನ್‌ಲೈನ್ ಕ್ಲಾಸಿನಿಂದ ಏನೂ ದಕ್ಕಲಿಲ್ಲವೇ? ದಕ್ಕಿತು, ಆದರೆ ಪಾಠದ ಲೆಕ್ಕದಲ್ಲಲ್ಲ. ಬೆಳಿಗ್ಗೆ ಆರಕ್ಕೆ ಒಂದೊಂದೇ ಮುಖ ಮೂಡಿಬರುವ ಆ ಐದು ನಿಮಿಷ, ಹಾಜರಿಯ ಐದು ನಿಮಿಷ, ಅದೇ ಅದರ ಗಟ್ಟಿ ಭಾಗ. ‘ಯಾಕಮ್ಮ, ಎರಡು ದಿನದಿಂದ ಕಾಣ್ಲಿಲ್ಲ?’ ಎಂದು ಕೇಳುವವರು ಒಬ್ಬರಿದ್ದಾರೆ ಎಂಬುದು ಮಕ್ಕಳು ಬೆಂಗಳೂರಿನಲ್ಲಿ ಸಿಕ್ಕಿಹಾಕಿಕೊಂಡು ಊರಲ್ಲಿ ಒಂಟಿಯಾದ ಹಿರಿಯರಿಗೆ ಯಾವ ಆಸನಕ್ಕಿಂತಲೂ ಹೆಚ್ಚು. ಆ ನೂರು ಪುಟದ ನೋಟ್‌ಬುಕ್ಕಿನಲ್ಲಿ ಹೆಸರಿನ ಮುಂದೆ ಫೋನ್ ನಂಬರು ಬರೆದಿಟ್ಟ ಕ್ಲಾಸು ಒಂದು ಕುಟುಂಬದಂತೆ ಉಳಿಯಬಲ್ಲದು. ನಂಬರೇ ಇಲ್ಲದ ಕ್ಲಾಸು, ಎಷ್ಟು ಚೆಂದದ ವಿಡಿಯೋ ಹಾಕಿದರೂ, ಯೂಟ್ಯೂಬಿನ ಸಾವಿರ ವಿಡಿಯೋಗಳಲ್ಲಿ ಇನ್ನೊಂದು ಮಾತ್ರ.

ಆದರೆ ಹಾಜರಿಯಿಂದ ಸದ್ದಿಲ್ಲದೆ ಬಿಟ್ಟುಹೋದವರು ಯಾರು ಎಂದು ಯೋಗ ಸಂಸ್ಥೆಗಳು ಗಮನಕೊಟ್ಟು ನೋಡಿದಂತಿಲ್ಲ. 2020ರ ಯೋಗ ದಿನಕ್ಕೆ ಕೇಂದ್ರ ಕೊಟ್ಟ ಘೋಷಣೆ ಮನೆಯಲ್ಲೇ ಯೋಗ, ಮನೆಮಂದಿಯೊಂದಿಗೆ ಯೋಗ. ಕೇಳಲು ಇಂಪಾಗಿದೆ. ಬೆಳಿಗ್ಗೆ ಆರಕ್ಕೆ ಮನೆಯಲ್ಲಿ ಚಾಪೆ ಹಾಸುವ ಹೆಂಗಸಿನ ಕಡೆಯಿಂದ ನೋಡಿದರೆ ಇಂಪು ಕಡಿಮೆಯಾಗುತ್ತದೆ. ಹಾಲು ಬಂತು, ಮೊಮ್ಮಗು ಎದ್ದಿತು, ಮಾವನವರಿಗೆ ಬಿಸಿನೀರು, ಗಂಡನಿಗೆ ಕಾಫಿ. ಪಶ್ಚಿಮೋತ್ತಾನಾಸನದಲ್ಲಿ ತಲೆ ಬಾಗಿಸಿದ್ದಾಗಲೇ ‘ಸಾಸಿವೆ ಡಬ್ಬ ಎಲ್ಲಿಟ್ಟಿದ್ದೀಯ?’ ಎಂಬ ದನಿ. ಅವರಿಗೆ ಕ್ಲಾಸು ಎಂದರೆ ಆಸನಕ್ಕಿಂತ ಮೊದಲು ಮನೆಯ ಹೊಸ್ತಿಲು ದಾಟುವ ಒಂದು ಗಂಟೆ. ದಾರಿಯಲ್ಲಿ ಗೆಳತಿಯೊಬ್ಬರ ಜೊತೆ ಮಾತು, ವಾಪಸು ಬರುವಾಗ ಹೂವು ಕೊಳ್ಳುವುದು. ಅದನ್ನು ಮನೆಯೊಳಕ್ಕೆ ತಂದ ಕೂಡಲೇ ಅದು ಇನ್ನೊಂದು ಮನೆಗೆಲಸವಾಯಿತು. ಸೋಂಕಿನ ಕಾಲದಲ್ಲಿ ಬೇರೆ ದಾರಿ ಇರಲಿಲ್ಲ, ಒಪ್ಪೋಣ. ಅದನ್ನೇ ಸಂಭ್ರಮವೆಂಬಂತೆ ಘೋಷಣೆ ಕೂಗಿದ್ದನ್ನು ಒಪ್ಪುವುದು ಕಷ್ಟ.

2020ರ ಆಗಸ್ಟ್ 3ರಂದು ಆರೋಗ್ಯ ಸಚಿವಾಲಯ ಯೋಗ ಕೇಂದ್ರ ಮತ್ತು ಜಿಮ್ಮುಗಳಿಗೆ ಮಾರ್ಗಸೂಚಿ ಹೊರಡಿಸಿತು. ಸರ್ಕಾರಿ ಕಾಗದಗಳನ್ನು ಸಾಹಿತ್ಯದಂತೆ ಓದುವ ಅಭ್ಯಾಸ ನಮಗಿಲ್ಲ. ಆದರೆ ಇದು ಓದಲು ಯೋಗ್ಯ. ಒಬ್ಬರಿಂದೊಬ್ಬರಿಗೆ ಆರು ಅಡಿ ಅಂತರ, ತಲೆಗೆ ನಾಲ್ಕು ಚದರ ಮೀಟರ್ ಜಾಗ, ಮ್ಯಾಟು ಅವರವರದೇ, 65 ದಾಟಿದವರೂ ಬೇರೆ ಕಾಯಿಲೆಯಿರುವವರೂ ಗರ್ಭಿಣಿಯರೂ ಮುಚ್ಚಿದ ಜಾಗಕ್ಕೆ ಬಾರದಿರುವುದು ಒಳ್ಳೆಯದು, ರಕ್ತದ ಆಮ್ಲಜನಕ 95ಕ್ಕಿಂತ ಕಡಿಮೆಯಿದ್ದರೆ ವ್ಯಾಯಾಮ ಬೇಡ, ದೇಹಶುದ್ಧಿಯ ಯೋಗ ಕ್ರಿಯೆಗಳನ್ನು ಸದ್ಯಕ್ಕೆ ಬಿಡಿ, ಅನಿವಾರ್ಯವಾದರೆ ಬಯಲಿನಲ್ಲಿ ಮಾಡಿ. ನಗೆ ಯೋಗಕ್ಕೆ ಅನುಮತಿ ಇಲ್ಲ. ನಗುವುದನ್ನು ನಿಷೇಧಿಸಿದ ಆದೇಶ ಎಂದು ಆಗ ಎಲ್ಲರೂ ಅದಕ್ಕೇ ನಕ್ಕರು. ಆದರೆ ಬಾಯಿ ಬಿಟ್ಟು ನಕ್ಕಾಗ ಹನಿಗಳು ಎಷ್ಟು ದೂರ ಹಾರುತ್ತವೆ ಎಂದು ಯೋಚಿಸಿದರೆ ಆ ಸಾಲು ಸರಿಯಾಗಿಯೇ ಇತ್ತು.

ತೊಡಕಿದ್ದದ್ದು ಅಂಕಗಣಿತದಲ್ಲಿ. ಇಪ್ಪತ್ತು ಅಡಿ ಅಗಲ, ಮೂವತ್ತು ಅಡಿ ಉದ್ದದ ಹಾಲು ಅಂದರೆ 600 ಚದರ ಅಡಿ, ಸುಮಾರು 56 ಚದರ ಮೀಟರ್. ತಲೆಗೆ ನಾಲ್ಕರಂತೆ ಹದಿನಾಲ್ಕು ಜನ, ಮೇಷ್ಟ್ರನ್ನು ಬಿಟ್ಟರೆ ಹದಿಮೂರು. ಅದೇ ಹಾಲಿನಲ್ಲಿ ಮೊದಲು ಮೂವತ್ತು ಜನ ಹಿಡಿಸುತ್ತಿದ್ದರು. ಬಾಡಿಗೆ ಅಷ್ಟೇ, ಕರೆಂಟು ಅಷ್ಟೇ, ಮೇಲೆ ಸ್ಯಾನಿಟೈಸರ್, ಥರ್ಮಾಮೀಟರ್, ಆಕ್ಸಿಮೀಟರ್ ಖರ್ಚು. ಇನ್ನು ಬರುತ್ತಿದ್ದವರಲ್ಲಿ ಅರ್ಧದಷ್ಟು ಜನ 65 ದಾಟಿದವರು ಅಥವಾ ಬಿ.ಪಿ., ಶುಗರ್ ಇದ್ದವರು. ಅವರಿಗೆ ಬರಬೇಡಿ ಎನ್ನಬೇಕು. ‘ಕ್ರಿಯೆ ಬೇಡ’ ಎಂಬ ಮಾತೂ ಗೊಂದಲದ್ದೇ. ಜಲನೇತಿ ಬೇಡ ಎಂದರೆ ಅರ್ಥವಾಗುತ್ತದೆ. ಹಠಯೋಗದ ಪಟ್ಟಿಯಲ್ಲಿ ಕಪಾಲಭಾತಿಯೂ ಕ್ರಿಯೆಯೇ. ಸರ್ಕಾರದ್ದೇ ಸಾಮಾನ್ಯ ಯೋಗ ಕ್ರಮದಲ್ಲಿ ಅದು ಇದ್ದೇ ಇದೆ. ಮಾಡಿಸಬೇಕೋ ಬೇಡವೋ?

ಉತ್ತರ ಆ ಕಾಗದದಲ್ಲೇ ಒಂದು ಪದವಾಗಿ ಇತ್ತು: ಬಯಲು. ಹೊಳಲ್ಕೆರೆಯಲ್ಲಿ ಗಣಪತಿಯೇ ‘ಬಯಲು ಗಣಪತಿ’ ಎಂದು ಹೆಸರಾದವನು. ಹಿರಿಯೂರು ಸೀಮೆ ರಾಜ್ಯದ ಒಣ ಪ್ರದೇಶಗಳಲ್ಲೊಂದು. ವರ್ಷದ ಬಹುಪಾಲು ಬೆಳಗುಗಳಲ್ಲಿ ನೆಲ ಒಣಗಿಯೇ ಇರುತ್ತದೆ. ಚಿತ್ರದುರ್ಗವಂತೂ ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿ ಗಾಳಿಯಿಂದಲೇ ಕರೆಂಟು ತೆಗೆಯುವ ಊರು. ಊರ ಪಕ್ಕದ ಕಾಡಿನ ಹೆಸರೇ ಜೋಗಿಮಟ್ಟಿ. ಮಕ್ಕಳಿಲ್ಲದೆ ಬಣಗುಡುತ್ತಿದ್ದ ಶಾಲಾ ಮೈದಾನಗಳು ಪ್ರತಿ ಹೋಬಳಿಯಲ್ಲೂ ಇದ್ದವು. ಹಿಂದೆ ಪ್ಲೇಗು ಬಂದಾಗ ಹಳೆಯ ಮೈಸೂರಿನ ಹಳ್ಳಿಗಳ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡ ಕತೆ ಎಲ್ಲರ ಮನೆಯ ಅಜ್ಜಿಗೂ ಗೊತ್ತು. ಆಗಸ್ಟ್ 5ರ ನಂತರ ಯೋಗದ ಕ್ಲಾಸುಗಳು ಮಾಡಬೇಕಾಗಿದ್ದುದೂ ಅಷ್ಟೇ: ಕಂಬಳಿ ಹೊತ್ತು ಮೈದಾನಕ್ಕೆ ನಡೆಯುವುದು. ಹಾಲಿನ ಮೋಹ ಬಿಡದೆ, ಕಿಟಕಿಗಳ ಸಂಖ್ಯೆ ಎಣಿಸುತ್ತಾ ಕೂತದ್ದರಲ್ಲಿ ಜಾಣತನ ಕಾಣುವುದಿಲ್ಲ. ಜಿಲ್ಲಾಡಳಿತಗಳೂ ಶಾಲಾ ಮೈದಾನ ಬಳಸಿಕೊಳ್ಳಿ ಎಂದು ತಾವಾಗಿ ಕರೆದು ಹೇಳಬಹುದಿತ್ತು.

ಎರಡನೆಯ ಅಲೆ ಬಂದಾಗ ಇಂಥ ಲೆಕ್ಕಾಚಾರಗಳಿಗೆ ಪುರುಸೊತ್ತಿರಲಿಲ್ಲ. 2021ರ ಏಪ್ರಿಲ್ 27ರ ರಾತ್ರಿಯಿಂದ ರಾಜ್ಯ ಮತ್ತೆ ಬಾಗಿಲು ಹಾಕಿಕೊಂಡಿತು. ವಾಟ್ಸಾಪ್ ಗುಂಪುಗಳಲ್ಲಿ ಬೆಳಗಿನ ಶುಭೋದಯದ ಜಾಗಕ್ಕೆ ‘ಓಂ ಶಾಂತಿ’ ಬಂತು. ಆ ಏಪ್ರಿಲ್‌ನಲ್ಲೇ ಆರೋಗ್ಯ ಸಚಿವಾಲಯ ಬೋರಲು ಮಲಗುವ ಕ್ರಮದ ಬಗ್ಗೆ ಚಿತ್ರಸಹಿತ ಸೂಚನೆ ಹೊರಡಿಸಿತು. ಆಮ್ಲಜನಕದ ಮಟ್ಟ 94ಕ್ಕಿಂತ ಕೆಳಗಿಳಿದರೆ ಹೊಟ್ಟೆ ಅಡಿಯಾಗಿ ಮಲಗಬೇಕು. ಕತ್ತಿನ ಕೆಳಗೆ ಒಂದು ದಿಂಬು, ಎದೆಯಿಂದ ತೊಡೆಯವರೆಗೆ ಒಂದೆರಡು, ಮೊಣಕಾಲ ಕೆಳಗಿನ ಭಾಗಕ್ಕೆ ಎರಡು. ಅರ್ಧ ಗಂಟೆಯಿಂದ ಎರಡು ಗಂಟೆವರೆಗೆ ಒಂದು ಭಂಗಿ, ನಂತರ ಬಲ ಮಗ್ಗುಲು, ಆಮೇಲೆ ಒರಗಿ ಕೂರುವುದು, ಎಡ ಮಗ್ಗುಲು. ಊಟವಾದ ಒಂದು ಗಂಟೆಯೊಳಗೆ ಬೇಡ, ಗರ್ಭಿಣಿಯರಿಗೆ ಬೇಡ.

ಯೋಗ ಮೇಷ್ಟ್ರಿಗೆ ಇದು ಪರಿಚಿತ ನೆಲ. ಮಕರಾಸನ ಮಾಡಿಸಿದ ಅನುಭವವಿದ್ದವರಿಗೆ ಹೆದರಿದ ಮನುಷ್ಯನನ್ನು ಫೋನಿನಲ್ಲೇ ‘ಗಾಬರಿ ಬೇಡ, ಮೆತ್ತಗೆ ಬೋರಲಾಗಿ, ಗಲ್ಲ ಒಂದು ಪಕ್ಕಕ್ಕೆ ಇಡಿ’ ಎಂದು ಮಲಗಿಸುವ ದನಿ ಇರುತ್ತದೆ. ಯೋಗ ಕ್ಲಾಸುಗಳ ನಿಜವಾದ ಉಪಯೋಗ ಕಾಣುವುದು ಇಲ್ಲಿ. ರೋಗ ವಾಸಿ ಮಾಡುವ ಹಮ್ಮಿಲ್ಲ, ಆಸ್ಪತ್ರೆಗೆ ಹೋಗುವ ತನಕ ಉಸಿರು ಹಿಡಿದಿಡುವ ಒಂದು ಸಹಾಯ. ಜೊತೆಗೆ ಆ ನೋಟ್‌ಬುಕ್ಕಿನ ಫೋನ್ ನಂಬರುಗಳಿಂದ ಯಾರ ಮನೆಯಲ್ಲಿ ಆಕ್ಸಿಮೀಟರ್ ಇದೆ, ಯಾರ ಮನೆಗೆ ಊಟ ಬೇಕು, ಎಂಬ ವಿಚಾರಣೆ.

ಇದೇ ಜಾಗದಲ್ಲಿ ಯೋಗಲೋಕ ಎಡವಿದ್ದೂ ಉಂಟು. ದಿನಾ ಕಪಾಲಭಾತಿ ಮಾಡುವವರಿಗೆ ಕೊರೊನಾ ಬರುವುದಿಲ್ಲ, ಇಷ್ಟು ಸೆಕೆಂಡು ಉಸಿರು ಹಿಡಿದರೆ ಸೋಂಕಿಲ್ಲ ಎಂದೇ ಅರ್ಥ, ಎಂಬ ಫಾರ್ವರ್ಡುಗಳು ಸುತ್ತಿದ್ದು ಇಂಥ ಗುಂಪುಗಳಲ್ಲೇ. ದೊಡ್ಡವರೇ ದಾರಿ ತಪ್ಪಿದ್ದರು. 2020ರ ಜೂನ್ 23ರಂದು ಹರಿದ್ವಾರದಲ್ಲಿ ‘ಕೊರೊನಿಲ್’ ಎಂಬ ಔಷಧವನ್ನು ಕೋವಿಡ್‌ಗೆ ಮದ್ದೆಂದು ಬಿಡುಗಡೆ ಮಾಡಿದಾಗ, ಪರಿಶೀಲನೆ ಮುಗಿಯುವ ತನಕ ಜಾಹೀರಾತು ನಿಲ್ಲಿಸಿ ಎಂದು ಅದೇ ದಿನ ಆಯುಷ್ ಸಚಿವಾಲಯವೇ ಹೇಳಬೇಕಾಯಿತು. ಸಣ್ಣ ಊರಿನ ಮೇಷ್ಟ್ರ ಮಾತಿಗೆ ಅವರ ಹಾಲಿನಲ್ಲಿರುವ ಬೆಲೆ ಡಾಕ್ಟರ ಮಾತಿಗಿಂತ ಹೆಚ್ಚು. ಅಂಥವರು ಒಂದು ಸುಳ್ಳು ಫಾರ್ವರ್ಡನ್ನು ‘ಇದು ನಿಜವಲ್ಲ, ಅಳಿಸಿ’ ಎಂದು ಹೇಳಿದ್ದರೆ ಅದೊಂದು ದೊಡ್ಡ ಆಸನ. ಹೇಳದೆ ಸುಮ್ಮನಿದ್ದವರನ್ನು, ಅಥವಾ ತಾವೇ ಮುಂದೆ ದಾಟಿಸಿದವರನ್ನು, ವಿಮರ್ಶೆ ರಿಯಾಯಿತಿ ಕೊಟ್ಟು ಬಿಡುವಂತಿಲ್ಲ.

ಕಾಸಿನ ಮಾತಿಗೆ ಮತ್ತೆ ಬರಬೇಕು. 2020ರ ಮೇ 6ರಂದು ರಾಜ್ಯ ಸರ್ಕಾರ 1,610 ಕೋಟಿ ರೂಪಾಯಿಯ ಪರಿಹಾರ ಘೋಷಿಸಿತು: ಕ್ಷೌರಿಕರಿಗೆ, ಮಡಿವಾಳರಿಗೆ, ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000. ಮರುವರ್ಷದ ಮೇ ತಿಂಗಳ 1,250 ಕೋಟಿಯ ಪಟ್ಟಿಯಲ್ಲಿ ದರ್ಜಿಗಳು, ಕುಂಬಾರರು, ಹಮಾಲಿಗಳು, ಕಲಾವಿದರು ಎಲ್ಲ ಇದ್ದರು. ಯೋಗ ಶಿಕ್ಷಕ ಎಂಬ ಕಸುಬಿಗೆ ಎರಡರಲ್ಲೂ ಸಾಲಿರಲಿಲ್ಲ. ಇದರಲ್ಲಿ ಸರ್ಕಾರದ ಮರೆವು ಅರ್ಧ. ಇನ್ನರ್ಧ, ಯೋಗ ಹೇಳಿಕೊಡುವವರೂ ತಮ್ಮದನ್ನು ಕಸುಬು ಎಂದುಕೊಳ್ಳದ್ದು. ಸೇವೆ ಎಂದು ಹೇಳಿಕೊಂಡವರ ಹೆಸರು ಕಾರ್ಮಿಕರ ಪಟ್ಟಿಗೆ ಬರುವುದಾದರೂ ಹೇಗೆ?

ಮೈಸೂರಿನ ಗೋಕುಲಂನ ಕತೆ ಇದಕ್ಕೆ ತದ್ವಿರುದ್ಧ. ಪಟ್ಟಾಭಿ ಜೋಯಿಸರ ಪರಂಪರೆಯ ಅಷ್ಟಾಂಗ ಯೋಗ ಕಲಿಯಲು ದೇಶವಿದೇಶಗಳಿಂದ ಜನ ಬರುವ ಆ ಬಡಾವಣೆಯಲ್ಲಿ ಯೋಗದ ಸುತ್ತ ಬಾಡಿಗೆ ಮನೆ, ತಿಂಡಿಯ ಮನೆ, ಸ್ಕೂಟರ್ ಬಾಡಿಗೆ ಎಂದು ಒಂದು ಸಣ್ಣ ಪೇಟೆಯೇ ಬೆಳೆದಿತ್ತು. 2020ರ ಮಾರ್ಚ್ 13ರಿಂದ ಪ್ರವಾಸಿ ವೀಸಾ ನಿಂತ ಕೂಡಲೇ ಆ ಹರಿವಿನ ಮೂಲವೇ ಬತ್ತಿತು. ಅಲ್ಲಿ ಎಲ್ಲಕ್ಕೂ ದರವಿತ್ತು, ಬರುವವರಿರಲಿಲ್ಲ. ಇಲ್ಲಿ ಬರುವವರು ಮೂರು ಬೀದಿ ಆಚೆಯೇ ಇದ್ದರು, ದರವಿರಲಿಲ್ಲ. ಹೊಳಲ್ಕೆರೆಯಂಥ ಊರಿನ ಕ್ಲಾಸು ಬದುಕಿ ಉಳಿಯಬೇಕಾದರೆ ನೆರೆಹೊರೆಯವರ ಸಣ್ಣ ಕೈಗಳೇ ಬೇಕು, ಆದರೆ ಆ ಕೈಗಳು ವರ್ಷಕ್ಕೊಮ್ಮೆ ತಟ್ಟೆಗೆ ಹಾಕಿ ಮರೆಯುವಂತಿರಬಾರದು, ತಿಂಗಳು ತಿಂಗಳು ಚಾಚುವಂತಿರಬೇಕು.

2022ರ ಜೂನ್ 21ರಂದು ಪ್ರಧಾನಿ ಮೈಸೂರು ಅರಮನೆಯ ಆವರಣದಲ್ಲಿ ಸುಮಾರು ಹದಿನೈದು ಸಾವಿರ ಜನರೊಂದಿಗೆ ಯೋಗ ಮಾಡಿದರು. ಟಿ.ವಿ.ಯಲ್ಲಿ ನೋಡಲು ಕಣ್ಣಿಗೆ ಹಬ್ಬ. ಸಾಂಕ್ರಾಮಿಕದಿಂದ ಯೋಗ ಹೊರಬಂದದ್ದರ ಚಿತ್ರವಾಗಿ ಅದನ್ನೇ ಎಲ್ಲೆಡೆ ಅಚ್ಚು ಹಾಕಲಾಯಿತು. ಆದರೆ ಅಳೆಯುವ ಕೋಲು ಅದಲ್ಲ. ವರ್ಷಕ್ಕೊಂದು ಬೆಳಗು ಹದಿನೈದು ಸಾವಿರ ಜನ ಸೇರುವುದಕ್ಕಿಂತ, ವರ್ಷದ ಮುನ್ನೂರು ಬೆಳಗು ಹದಿಮೂರು ಜನ ಸೇರುವುದು ಕಷ್ಟದ ಕೆಲಸ.

ಅಂಥ ಹದಿಮೂರರಲ್ಲಿ ಒಬ್ಬರಾಗಿರುವ ಓದುಗರಲ್ಲಿ ಎರಡು ಬಿನ್ನಹ. ನಿಮ್ಮ ಕ್ಲಾಸಿನ ಹಾಜರಿ ಪುಸ್ತಕದಲ್ಲಿ ನಿಮ್ಮ ಹೆಸರಿನ ಮುಂದೆ ಮನೆಯವರೊಬ್ಬರ ಫೋನ್ ನಂಬರು ಬರೆಸಿ. ಫೀಸು ಎಷ್ಟೇ ಇರಲಿ, ತಿಂಗಳ ಐದನೇ ತಾರೀಖಿನೊಳಗೆ, ಮೇಷ್ಟ್ರು ಕೇಳುವ ಮೊದಲೇ ಕೊಡಿ. ಕ್ಲಾಸು ರಜೆಯಿದ್ದ ತಿಂಗಳದ್ದೂ ಕೊಡಿ.